ಗೋಡೆ ಕಡೆಯ ಕಿಂಡಿ

ಡಿಸೆಂಬರ್ 4, ಸಂಜೆ

ವಸ್ತುಸ್ಥಿತಿ:

1. ಹಿತ್ತಲಲ್ಲಿ ಐದು ಕೋಳಿಗಳಿವೆ. ಹೆಂಡತಿಯವು. ಗೂಡು ನನ್ನದು. ಅಳತೆ, ಮರಗೆಲಸ, ಬಲೆ ಎಲ್ಲವನ್ನೂ ನಾನೇ ಮಾಡಿದ್ದು. ಒಳಗೆ ಒಬ್ಬರು ನೆಟ್ಟಗೆ ನಿಲ್ಲಬಹುದು.

2. ಗಾಳಿಗೆ ಎರಡು ಕಿಂಡಿ. ಅಡುಗೆಮನೆ ಕಡೆ ಕೆಳಗೊಂದು, ಗಾಳಿ ಒಳಬರಲು. ಕಾಂಪೌಂಡ್ ಗೋಡೆ ಕಡೆ ಮೇಲೊಂದು, ಹೊರಹೋಗಲು.

3. ಮೇಲಿನ ಕಿಂಡಿ ಗೋಡೆಗಿಂತ ಎತ್ತರದಲ್ಲಿದೆ. ಹೆಂಡತಿ ಮೊಟ್ಟೆ ತೆಗೆಯಲು ಒಳಗೆ ನಿಂತಾಗ ಪಕ್ಕದ ಮನೆಯವನು ತನ್ನ ಮೆಟ್ಟಿಲ ಮೇಲಿಂದ ಅದರ ಮೂಲಕ ಮಾತನಾಡಿಸುತ್ತಾನೆ. ವಿನ್ಯಾಸ ಮಾಡುವಾಗ ಈ ಉಪಯೋಗ ನನ್ನ ಗಮನದಲ್ಲಿರಲಿಲ್ಲ.

4. ಕಳೆದ ಭಾನುವಾರ ಆ ಕಿಂಡಿಗೆ ಹಲಗೆ ಇಟ್ಟು ಸ್ಕ್ರೂ ಬಿಗಿದೆ. ಕಾರಣ: ಚಳಿಗಾಳಿ.

5. ಇಂದು ಮೂರನೇ ನಂಬರ್ ಕೋಳಿ ಸೀನಿತು.

ಪಕ್ಕದವನು ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಒಬ್ಬನೇ ಇದ್ದಾನೆ. ನಾನು ಕೋಳಿಗಳಿಗೆ ಒಂದರಿಂದ ಐದರವರೆಗೆ ನಂಬರ್ ಕೊಟ್ಟು ಕಾಲಿಗೆ ಉಂಗುರ ಹಾಕಿದ್ದೆ. ಅವನು ಹೆಸರಿಟ್ಟ. ಜೋರಾಗಿ ಕೂಗುವ ಮೂರನೆಯದು ಹಾರ್ನ್. ಸದಾ ಕಾಲಡಿಗೆ ಬರುವ ಐದನೆಯದು ಕ್ಲಚ್. ಹೆಂಡತಿ ಈಗ ನಂಬರ್ ಬಳಸುವುದಿಲ್ಲ.

ಡಿಸೆಂಬರ್ 7

ಹಾರ್ನ್, ಅಂದರೆ ಮೂರನೆಯದು, ಬಾಯಿ ತೆರೆದು ಉಸಿರಾಡುತ್ತಿದೆ. ಎದೆಯಲ್ಲಿ ಗೊರಗೊರ. ಕಣ್ಣಿನ ಮೂಲೆಯಲ್ಲಿ ನೊರೆ. ಕೂಗು ನಿಂತಿದೆ. ಎರಡನೆಯದು, ಐದನೆಯದು ಸೀನುತ್ತಿವೆ.

"ಆ ಕಿಂಡಿಗೆ ಯಾಕ್ರೀ ಹಲಗೆ ಹೊಡೆದ್ರಿ?" ಎಂದಳು ಹೆಂಡತಿ.

"ಚಳಿಗಾಳಿ."

"ಹೋದ ವರ್ಷ ಚಳಿ ಇರ್ಲಿಲ್ವಾ?"

ಪೇಪರ್ ಓದುತ್ತಿದ್ದೆ. ಓದುವುದನ್ನು ಮುಂದುವರಿಸಿದೆ.

ಹಲಗೆಯಿಂದ ಆದ ವ್ಯತ್ಯಾಸ ಒಂದೇ. ಮಾತನಾಡಲು ಈಗ ಅವಳು ಹಿತ್ತಲ ನಲ್ಲಿಯ ಬಳಿಗೆ ಹೋಗುತ್ತಾಳೆ. ಅಲ್ಲಿ ಗೋಡೆ ತಗ್ಗು. ನಗು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಪಕ್ಕದವನು ಮೊದಮೊದಲು ಅವಳನ್ನು "ಮೇಡಂ" ಎನ್ನುತ್ತಿದ್ದ. ಈಗ ಬರೀ "ನೀವು". ಮುಂದೆ ಏನನ್ನೂ ಸೇರಿಸುವುದಿಲ್ಲ. "ಅಕ್ಕ" ಎಂದಿದ್ದರೆ ನನ್ನ ಅಭ್ಯಂತರವಿರಲಿಲ್ಲ.

ಡಿಸೆಂಬರ್ 9, ಆಫೀಸಿನಿಂದ ಬಂದ ಮೇಲೆ

ಮನೆಗೆ ಬಂದಾಗ ಬೀಗ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಎಲ್ ಬೋರ್ಡ್ ಹೊತ್ತ ಕಾರು ಬಂತು. ಅವಳು ಇಳಿದಳು. ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಒಳಗೆ ಹಾರ್ನ್.

"ಕೋಳಿ ಡಾಕ್ಟ್ರ ಹತ್ರ ಹೋಗಿದ್ವಿ. ನಿಮಗೆ ಫೋನ್ ಮಾಡಿದೆ, ಎತ್ತಲಿಲ್ಲ."

ನಿಜ. ಮೀಟಿಂಗಿನಲ್ಲಿದ್ದೆ.

"ಆ ಕಾರಲ್ಲಿ ನನ್ನ ಕಡೇನೂ ಬ್ರೇಕ್ ಇದೆ ಕಣ್ರೀ. ಗುಂಡಿ ಬಂದಾಗೆಲ್ಲ ನಾನೂ ತುಳಿದುಬಿಟ್ಟೆ. ಪಾಪ, ಅವ್ರಿಗೆ ಬೈಯೋಕೂ ಆಗ್ಲಿಲ್ಲ, ಬಿಡೋಕೂ ಆಗ್ಲಿಲ್ಲ."

ಹೇಳುತ್ತ ಹೇಳುತ್ತ ನಕ್ಕಳು. ಮದುವೆಯಾದಾಗಿನಿಂದ ನನ್ನ ಪಕ್ಕದ ಸೀಟಿನಲ್ಲಿ ಕೂತು ಅವಳು ಏನನ್ನೂ ತುಳಿದಿಲ್ಲ.

ಡಾಕ್ಟರ್ ಹೇಳಿದ್ದು: ಉಸಿರಾಟದ ಸೋಂಕು, ಒಂದರಿಂದ ಒಂದಕ್ಕೆ ಹರಡುತ್ತದೆ. ಔಷಧದ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸಬೇಕು, ಬೇರೆ ನೀರು ಇಡಬಾರದು. ಹೆಚ್ಚು ಕಾಯಿಲೆಯದನ್ನು ಪ್ರತ್ಯೇಕಿಸಬೇಕು. ಅವರು ಹೇಳುವವರೆಗೆ ಮೊಟ್ಟೆ ತಿನ್ನಬಾರದು. ವಾಸಿಯಾದರೂ ಸೋಂಕು ಒಳಗೆ ಉಳಿದಿರಬಹುದು, ಹೊಸ ಕೋಳಿ ತಂದು ಸೇರಿಸಬಾರದು.

"ಗೂಡಲ್ಲಿ ಗಾಳಿ ಚೆನ್ನಾಗಿ ಆಡುತ್ತಾ ಅಂತಾನೂ ಕೇಳಿದ್ರು. ನಮ್ಮನೆಯವರ ಕೆಲಸವೇ ಗಾಳಿದು, ಫ್ಯಾಕ್ಟರಿಗಳಿಗೆಲ್ಲ ಅವ್ರೇ ಡಿಸೈನ್ ಮಾಡೋದು, ಆ ಚಿಂತೆ ಬೇಡ ಡಾಕ್ಟ್ರೇ ಅಂದೆ."

ಕೈ ತೊಳೆಯಲು ಎದ್ದು ಹೋದೆ.

ಹಾರ್ನ್ ಅವನ ಗ್ಯಾರೇಜಿನಲ್ಲಿದೆ. ಅಲ್ಲಿ ಬೇರೆ ಕೋಳಿಗಳಿಲ್ಲ, ಆದ್ದರಿಂದ ವ್ಯವಸ್ಥೆ ಸರಿಯಾಗಿಯೇ ಇದೆ. ನನ್ನನ್ನು ಯಾರೂ ಕೇಳಲಿಲ್ಲ.

ಡಿಸೆಂಬರ್ 12

ಔಷಧ ಬೆರೆಸುವ ಕೆಲಸವನ್ನು ನಾನು ವಹಿಸಿಕೊಂಡೆ. ಪ್ರಮಾಣ ತಪ್ಪಬಾರದು. ಆಫೀಸಿನಿಂದ ಸಣ್ಣ ತಕ್ಕಡಿ ತಂದೆ, ಗ್ರಾಮಿನ ಭಾಗವನ್ನೂ ತೋರಿಸುವಂಥದ್ದು. ಅವನ ಬಳಿ ಅಂಥದ್ದಿಲ್ಲ.

ಐದನೆಯದರ ಕಣ್ಣನ್ನು ಉಪ್ಪುನೀರಿನ ಹತ್ತಿಯಿಂದ ಒರೆಸಲು ಹೋದೆ. ಕೊಸರಾಡಿತು, ಕುಕ್ಕಿತು. ಗೋಡೆಯಾಚೆಯಿಂದ ದನಿ:

"ಸರ್, ಸ್ಟೀರಿಂಗ್ ಹಿಡಿದಂಗೆ ಬಿಗಿ ಹಿಡೀಬೇಡಿ. ರೆಕ್ಕೆ ಮೇಲೆ ಸುಮ್ನೆ ಕೈ ಇಡಿ, ಸಾಕು. ಹೊಸಬ್ರೆಲ್ಲ ಇದೇ ತಪ್ಪು ಮಾಡೋದು."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ಲೈಸೆನ್ಸ್ ಬಂದು ಮೂವತ್ತು ವರ್ಷವಾಗಿದೆ.

ಕೈ ಸುಮ್ಮನೆ ಇಟ್ಟೆ. ಕೋಳಿ ಸುಮ್ಮನಾಯಿತು. ಅದು ಇನ್ನೂ ಕೆಟ್ಟದಾಗಿತ್ತು.

ಡಿಸೆಂಬರ್ 16

ಹಾರ್ನ್‌ಗೆ ದನಿ ಮರಳಿದೆ. ಗ್ಯಾರೇಜಿನಿಂದ ಕೂಗುತ್ತದೆ, ಇಡೀ ಬೀದಿಗೆ ಕೇಳುವಂತೆ. ಅದೇ ಔಷಧ, ಅದೇ ಪ್ರಮಾಣ, ನಾನೇ ತೂಗಿದ್ದು.

ನಮ್ಮ ಗೂಡಿನವು ಹಗಲೆಲ್ಲ ಹಿತ್ತಲಲ್ಲಿ ಓಡಾಡಿ ಸಂಜೆಗೆ ಸುಧಾರಿಸುತ್ತವೆ. ಬೆಳಿಗ್ಗೆ ಬಾಗಿಲು ತೆರೆದರೆ ಮತ್ತೆ ಗೊರಗೊರ. ಇದಕ್ಕೆ ವಿವರಣೆ ಒಂದೇ... ಬರೆಯುವುದಿಲ್ಲ.

"ಉಳಿದವನ್ನೂ ಅವರ ಗ್ಯಾರೇಜಲ್ಲೇ ಬಿಡೋಣ್ವಾ? ಅಲ್ಲಿ ವಾಸಿ ಆಗ್ತಾವೆ."

"ಬೇಡ."

"ಯಾಕೆ?"

"ನಮ್ಮ ಕೋಳಿಗಳು."

"ಓ. ನಿಮ್ಮವೂ ಹೌದು ಅಂತ ಇವತ್ತು ಗೊತ್ತಾಯ್ತು."

ಡಿಸೆಂಬರ್ 19

"ಐದನೆಯದು" ಎಂದು ಬರೆದು ಹೊಡೆದುಹಾಕಿದೆ. ಕ್ಲಚ್ ಸತ್ತಿದೆ.

ಬೆಳಿಗ್ಗೆ ಗೂಡಿನಲ್ಲಿ ಕೂರುವ ಕೋಲಿನ ಕೆಳಗೆ ಬಿದ್ದಿತ್ತು. ಅವಳು ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. "ನಿನ್ನೆ ಸಂಜೆ ಕಾಲಡಿಗೆ ಬಂತು. ಹೋಗೇ ಅತ್ಲಾಗೆ ಅಂತ ತಳ್ಳಿದೆ" ಎಂದಳು, ಅಷ್ಟೇ. ಡಾಕ್ಟರ್ ಫೋನಿನಲ್ಲಿ ಹೇಳಿದಂತೆ ಆಳವಾಗಿ ಗುಂಡಿ ತೋಡಿ ಹೂತೆ.

ಆಮೇಲೆ ಗೂಡಿನೊಳಗೆ ಹೋದೆ. ಬಾಗಿಲೆಳೆದುಕೊಂಡು, ಕೋಳಿಗಳು ಕೂರುವ ಕೋಲಿನ ಮಟ್ಟಕ್ಕೆ ತಲೆ ಬರುವಂತೆ ಕುಕ್ಕರಗಾಲಲ್ಲಿ ಕೂತೆ. ಮೊದಲು ಮೂಗು, ಆಮೇಲೆ ಕಣ್ಣು, ಆಮೇಲೆ ಗಂಟಲು ಉರಿಯಿತು. ಹಿಕ್ಕೆಯಿಂದ ಏಳುವ ಅಮೋನಿಯ. ಕಾಯಿಲೆಯನ್ನು ಹಲಗೆ ತರಲಿಲ್ಲ. ಆದರೆ ಕಾಯಿಲೆ ಬಿದ್ದ ಗಂಟಲಿಗೆ ರಾತ್ರಿಯಿಡೀ ಇದನ್ನು ಕುಡಿಸಿದ್ದು ಹಲಗೆಯೇ. ಗಾಳಿಗೆ ಒಳಬರುವ ದಾರಿ ಇಟ್ಟು ಹೊರಹೋಗುವ ದಾರಿ ಮುಚ್ಚಿದ ನಕ್ಷೆ ಬಂದರೆ ನಾನು ಕೆಂಪು ಗೀಟು ಎಳೆದು ವಾಪಸ್ ಕಳಿಸುತ್ತೇನೆ.

ಹೊರಗೆ ಬಂದಾಗ ಅವನು ಗೋಡೆಯ ಬಳಿ ನಿಂತಿದ್ದ. ಇಂದು ತಮಾಷೆ ಮಾಡಲಿಲ್ಲ.

"ಸರ್, ಹಲಗೆ ಯಾಕೆ ಹಾಕಿದ್ರಿ ಅಂತ ನಾನು ಕೇಳ್ಲಿಲ್ಲ. ಕೇಳೋದೂ ಇಲ್ಲ. ನಮ್ಮ ಮೆಟ್ಟಿಲ ಕಡೆ ಬೇಕಾದ್ರೆ ನಾನೇ ಒಂದು ಪರದೆ ಕಟ್ಕೋತೀನಿ. ಅದನ್ನ ಬಿಚ್ಚಿಬಿಡಿ. ಪಾಪದವು, ಉಸಿರಾಡ್ಲಿ."

ಅವನಿಗೆ ಎಲ್ಲ ಗೊತ್ತು. ಬಹುಶಃ ಮೊದಲ ದಿನದಿಂದ.

ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. ಅವನು ಹೇಳಿದ್ದರಿಂದಲೇ ಬಿಚ್ಚಲಾಗಲಿಲ್ಲ. ಒಳಗೆ ಬಂದು ಅದನ್ನು ಡ್ರಾಯರಿನಲ್ಲಿಟ್ಟೆ.

ಡಿಸೆಂಬರ್ 20, ಸಂಜೆ

ಎರಡನೆಯದು ಬೆಳಿಗ್ಗೆಯಿಂದ ಬಾಯಿ ತೆರೆದೇ ಇದೆ.

"ಅದರ ಹೆಸರೇನು?" ಎಂದು ಕೇಳಿದೆ.

ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. "ಇಂಡಿಕೇಟರ್. ನಡೆಯುವಾಗ ಒಂದೇ ಕಣ್ಣು ಮಿಟುಕಿಸುತ್ತಲ್ಲ, ಅದಕ್ಕೆ. ಯಾಕೆ?"

"ಅವನ ಹತ್ತಿರ ಏನು ಮಾತಾಡ್ತೀಯ?"

ಇದನ್ನು ಕೇಳಬೇಕೆಂದಿರಲಿಲ್ಲ. ಬಾಯಿಂದ ಬಂತು. ಅವಳು ನಲ್ಲಿ ನಿಲ್ಲಿಸಿದಳು.

"ಕೋಳಿ ವಿಷಯ. ಯಾವುದು ಯಾವುದನ್ನ ಕುಕ್ತು, ಯಾವುದು ಎಲ್ಲಿ ಕದ್ದು ಮೊಟ್ಟೆ ಇಟ್ಟಿತು, ಇಷ್ಟೇ. ಮೊದಲು ನಿಮ್ಮ ಹತ್ರಾನೇ ಶುರು ಮಾಡಿದ್ದೆ. ನೀವು ಉಂಗುರ ತಂದು ನಂಬರ್ ಹಾಕಿದ್ರಿ. ಅಲ್ಲಿಗೆ ಮಾತು ಮುಗೀತು."

ಕೋಪವಿರಲಿಲ್ಲ. ಕೈ ಒರೆಸಿಕೊಂಡು ಔಷಧದ ನೀರು ಎತ್ತಿಕೊಂಡು ಗೂಡಿಗೆ ಹೋದಳು. ಕಿಟಕಿಯಿಂದ ಕಾಣುತ್ತಾಳೆ. ಕೆಮ್ಮುತ್ತಿದ್ದಾಳೆ. ಆ ಗಾಳಿಯಲ್ಲಿ ದಿನಾ ಎರಡು ಹೊತ್ತು ನಿಂತವಳು ಅವಳೂ ಹೌದೆಂಬುದು ಈವರೆಗೆ ನನಗೆ ಹೊಳೆದಿರಲಿಲ್ಲ.

ನಿರ್ಧಾರ: ಹಲಗೆ ತೆಗೆಯುತ್ತೇನೆ. ಪರದೆ ಬೇಡವೆಂದು ಅವನಿಗೆ ನಾನೇ ಹೇಳುತ್ತೇನೆ. ಹಲಗೆ ಹಾಕಿದ್ದು ಚಳಿಗಾಳಿಗಲ್ಲ ಎಂದು ಅವಳಿಗೆ ಹೇಳುತ್ತೇನೆ. ಅವರಿಬ್ಬರ ನಗು ಕೇಳಿದಾಗ ಹೊಟ್ಟೆಯೊಳಗೆ ಆಗುವ ಉರಿ ನಾಳೆಯೂ ಆಗುತ್ತದೆ. ಅದಕ್ಕೆ ಪರಿಹಾರ ನನಗೆ ತಿಳಿಯದು.

ನಾಳೆ ಬೆಳಿಗ್ಗೆ ಎಂದು ಬರೆಯಹೊರಟಿದ್ದೆ. ಕೋಳಿಗಳು ಆಗಲೇ ಒಂದೊಂದಾಗಿ ಒಳಸೇರುತ್ತಿವೆ. ಈಗಲೇ ಹೋಗುತ್ತೇನೆ.