ಬರ್ನಡೀನಳ ತಪ್ಪು ಸ್ವರ

ಸೆಪ್ಟೆಂಬರ್ 8, ಸೋಮವಾರ. ಸಂಜೆ ಐದು.

ನಾಲ್ಕಕ್ಕೆ ಟಿವಿ ಹಾಕಿದೆ. ಈಗಷ್ಟೇ ಆರಿಸಿದೆ. ಎರಡು ಕಂತು ಆಯಿತು. ಬೆಳಿಗ್ಗೆ ಬಟ್ಟೆ ಒಗೆದೆ. ಸೂರಿನ ದೋಣಿಯಲ್ಲಿ ತುಂಬಿದ್ದ ಎಲೆ ತೆಗೆದೆ. ಮಧ್ಯಾಹ್ನಕ್ಕೆ ಎಲೆಕೋಸು, ನೂಡಲ್ಸ್ ಬೆಣ್ಣೆಯಲ್ಲಿ ಹುರಿದುಕೊಂಡೆ. ಇಬ್ಬರಿಗಾಗುವಷ್ಟು ಆಯಿತು. ಇನ್ನೂ ಕೈಗೆ ಅಳತೆ ಸಿಕ್ಕಿಲ್ಲ.

ಬರ್ನಡೀನ್ ಹೋದದ್ದು ಏಪ್ರಿಲ್‌ನಲ್ಲಿ. ಮಣ್ಣು ಮಾಡಿ ಬಂದ ಮೇಲೆ ನಾಲ್ಕು ಗಂಟೆ ಎಂಬುದೊಂದೇ ಸಹಿಸಲು ಆಗದ ಹೊತ್ತಾಯಿತು. ಆ ಹೊತ್ತಿಗೆ ಅವಳು ‘ವೆಸ್ಪರ್ ಪಾಯಿಂಟ್’ ಹಾಕಿಕೊಂಡು ಕೂರುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ ಬರುತ್ತಿದ್ದ ಧಾರಾವಾಹಿ, ಈಗ ಡಿಸ್ಕಿನಲ್ಲಿ ಸಿಗುತ್ತದೆ. ಸಮುದ್ರದ ದಂಡೆಯಲ್ಲೊಂದು ದೀಪಸ್ತಂಭ, ಅದನ್ನು ಕಾಯುವವನು, ಸತ್ತರೂ ಪಿಯಾನೊ ಬಿಡದ ಅವನ ಹೆಂಡತಿ ಆಟಿಲಿ. ಹಾಡುಹಗಲೇ ದೆವ್ವ. ಹೆಂಗಸರು ಇಸ್ತ್ರಿ ಮಾಡುತ್ತ ನೋಡುತ್ತಿದ್ದರಂತೆ. ಬರ್ನಡೀನ್ ಮತ್ತು ತಂಗಿ ಮಾರ್ಲೀನ್ ಶಾಲೆಯಿಂದ ಓಡೋಡಿ ಬರುತ್ತಿದ್ದರಂತೆ, ಮೊದಲ ಸಂಗೀತ ತಪ್ಪಬಾರದೆಂದು.

ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಒಂದು ಕಂತೂ ಪೂರ್ತಿ ನೋಡಿರಲಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಅವಳನ್ನು ಅಭಿಮಾನಿಗಳ ಕೂಟಕ್ಕೆ ಕರೆದೊಯ್ದು ಬಿಡುತ್ತಿದ್ದೆ. ಹೋಟೆಲಿನ ಹೊರಗೆ ಕಾರಿನಲ್ಲೇ ಕೂತು ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದೆ.

ಈಗ ದಿನಾ ನೋಡುತ್ತೇನೆ. ಅವಳ ಕುರ್ಚಿಯಲ್ಲಲ್ಲ. ಪಕ್ಕದ್ದರಲ್ಲಿ.

ಸೆಪ್ಟೆಂಬರ್ 11, ಗುರುವಾರ

ಇವತ್ತು ಸ್ಮಶಾನದ ದೃಶ್ಯ. ಕಾವಲುಗಾರ ಗೋರಿಕಲ್ಲಿಗೆ ಒರಗಿ ಅಳುತ್ತಾನೆ. ಕಲ್ಲು ಅಲ್ಲಾಡಿತು. ಥರ್ಮೋಕೋಲ್ ಇರಬೇಕು. ಅವನು ಅಳುತ್ತಲೇ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡ.

ನಗು ಬಂತು. ಜೋರಾಗಿಯೇ ನಕ್ಕೆ. ಪಕ್ಕಕ್ಕೆ ತಿರುಗಿದೆ...

ಆಗೆಲ್ಲ ಒಂದೇ ಏಟಿಗೆ ಚಿತ್ರೀಕರಣ. ತಪ್ಪಿದರೆ ತಪ್ಪಿದ್ದೇ ಪ್ರಸಾರ. ಕೂಟದವರಿಗೆ ಅದೇ ಪ್ರೀತಿ. ನಟ ಮಾತು ಮರೆತದ್ದು, ಮೈಕಿನ ನೆರಳು ಗೋಡೆಯ ಮೇಲೆ ಬಿದ್ದದ್ದು, ದೆವ್ವದ ಮೂಗಿನ ಮೇಲೆ ನೊಣ ಕೂತದ್ದು. ಎಲ್ಲ ಬಾಯಿಪಾಠ.

ಸೆಪ್ಟೆಂಬರ್ 16, ಮಂಗಳವಾರ

ಮೆರಿಲ್ ಫೋನ್ ಮಾಡಿದ್ದ. ಕೂಟದ ಕಾರ್ಯದರ್ಶಿ. ಹಿಂದೆ ಔಷಧಿ ಅಂಗಡಿ ಇಟ್ಟಿದ್ದವನು. ಮಾತೂ ಮಾತ್ರೆ ಎಣಿಸಿ ಕೊಟ್ಟ ಹಾಗೆ.

ಕೂಟದಲ್ಲೊಂದು ಪದ್ಧತಿ ಇದೆ. ಶನಿವಾರ ಬೆಳಿಗ್ಗೆ ದೀಪ ಮಂದ ಮಾಡುತ್ತಾರೆ. ಫೋನು, ಕ್ಯಾಮೆರಾ ಎಲ್ಲ ಚೀಲಕ್ಕೆ. ಆ ವರ್ಷ ತೀರಿಕೊಂಡವರ ಹೆಸರು ಓದುತ್ತಾರೆ. ಒಂದೊಂದು ಹೆಸರಿಗೂ ಎಲ್ಲರೂ “ದೀಪ ಉಳಿದಿದೆ” ಎನ್ನಬೇಕು. ಧಾರಾವಾಹಿಯ ಮಾತು ಅದು. ಕೊನೆಗೆ ಆಟಿಲಿಯ ವಾಲ್ಟ್ಜ್, ಧಾರಾವಾಹಿಯಲ್ಲಿ ಅವಳು ನುಡಿಸುವ ಮೂರರ ತಾಳದ ರಾಗ, ಪಿಯಾನೊ ಮೇಲೆ. ಇಷ್ಟು ವರ್ಷವೂ ನುಡಿಸಿದವಳು ಬರ್ನಡೀನ್. ಚಪ್ಪಾಳೆ ಇಲ್ಲ.

ಈ ಸಲ ಅವಳ ಹೆಸರೂ ಓದುತ್ತಾರೆ.

“ಬರ್ತೀಯಲ್ಲ ಕ್ಯಾಜ್? ಈ ಸಲ ಒಳಗೆ ಬರ್ಬೇಕು. ಕಾರಲ್ಲಿ ಕೂರೋ ಹಾಗಿಲ್ಲ.”

“ಬರ್ತೀನಿ. ವಾಲ್ಟ್ಜ್ ಯಾರು ನುಡಿಸ್ತಾರೆ?”

“ಅದೇ ಹೇಳೋಣ ಅಂತಿದ್ದೆ. ಮೂಲ ಟೇಪುಗಳು ಸಿಕ್ಕಿವೆ, ಗೊತ್ತಾ? ಹೊಸ ರೆಕಾರ್ಡು ಬಂದಿದೆ. ಗಾಜು ಒರೆಸಿದ ಹಾಗೆ ಕೇಳ್ಸುತ್ತೆ. ಅದನ್ನೇ ಹಾಕ್ತೀವಿ.”

“ಅವಳು ನುಡಿಸ್ತಿದ್ದದ್ದು ಹಾಗಿರ್ಲಿಲ್ಲ.”

“ನೋಡು, ಬೇಜಾರು ಮಾಡ್ಕೋಬೇಡ. ಅವಳು ಕಲಿತದ್ದು ಕಿವೀಲಿ. ಚರ್ಚಿನ ನೆಲಮಾಳಿಗೇಲಿ, ಹಳೇ ಪಿಯಾನೊ ಮೇಲೆ. ಎರಡನೇ ಸಾಲಲ್ಲಿ ಒಂದು ಸ್ವರ ತಪ್ಪು. ಪಾಪ, ಹುಡುಗಿ ಆಗಿದ್ಳು. ಈಗ ಸರಿಯಾದದ್ದು ಸಿಕ್ಕಿದೆಯಲ್ಲ?”

ಆಮೇಲೆ ನೋಡೋಣ ಎಂದೆ. ಫೋನಿಟ್ಟೆ.

ಡಿಸ್ಕುಗಳು ಬರುವ ಮೊದಲು ಧಾರಾವಾಹಿ ಎಷ್ಟೋ ವರ್ಷ ಎಲ್ಲೂ ಸಿಗುತ್ತಿರಲಿಲ್ಲ. ಆಗೆಲ್ಲ ಅವರಿಗೆ ವಾಲ್ಟ್ಜ್ ಅಂದರೆ ಬರ್ನಡೀನ್ ನುಡಿಸಿದ್ದೇ. ಈಗ ಅದು ತಪ್ಪಾಗಿಹೋಯಿತು.

ಸೆಪ್ಟೆಂಬರ್ 19, ಶುಕ್ರವಾರ. ಬೆಳಿಗ್ಗೆ

ಬರೆಯಲು ಕೈ ಬರುತ್ತಿಲ್ಲ.

ತಿಂಡಿ ತಟ್ಟೆ ತೊಳೆಯುತ್ತಿದ್ದೆ. ಸಿಳ್ಳೆ ಹಾಕುತ್ತಿದ್ದೆ — ಗೊತ್ತಿಲ್ಲದೆ. ವಾಲ್ಟ್ಜ್. ಎರಡನೇ ಸಾಲಿಗೆ ಬಂದೆ. ರಾಗ ಕೆಳಗಿಳಿಯಿತು. ನುಣ್ಣಗೆ, ಟಿವಿಯಲ್ಲಿ ಇಳಿದ ಹಾಗೇ.

ನಿಲ್ಲಿಸಿದೆ. ಅವಳದನ್ನು ಹಾಕೋಣವೆಂದು ಮೊದಲಿಂದ ಶುರು ಮಾಡಿದೆ. ಮತ್ತೆ ಟಿವಿಯದೇ. ಮತ್ತೆ. ಮತ್ತೆ.

ಅವಳದು ಹೋಗಿದೆ.

ಮುಂದಿನ ಕೋಣೆಯಲ್ಲಿ ಅವಳ ಆರ್ಗನ್ ಇದೆ. ಸಂಜೆ ಸಂಜೆ ನುಡಿಸುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ. ಸಾವಿರ ಸಲ ಕೇಳಿದ್ದೇನೆ. ರೆಕಾರ್ಡು ಮಾಡಿಲ್ಲ. ದಿನಾ ಕೇಳುವುದನ್ನು ಯಾರು ರೆಕಾರ್ಡು ಮಾಡುತ್ತಾರೆ? ಕೂಟದಲ್ಲೂ ಯಾರೂ ಮಾಡಿಲ್ಲ, ನಿಯಮ.

ಅವಳಿಗೆ ಹತ್ತಿರವಿರಲೆಂದು ನೋಡತೊಡಗಿದೆ. ದಿನಕ್ಕೆ ಎರಡು ಕಂತು. ಒಂದೊಂದರಲ್ಲೂ ಆ ರಾಗ. ಒರೆಸಿ ಒರೆಸಿ ಅಳಿಸಿಬಿಟ್ಟೆ.

ಟಿವಿಯ ಪ್ಲಗ್ ಕಿತ್ತಿಟ್ಟಿದ್ದೇನೆ.

ಸೆಪ್ಟೆಂಬರ್ 20

ಮೆರಿಲ್‌ಗೆ ಫೋನ್ ಮಾಡಿದೆ. ರೆಕಾರ್ಡು ಬೇಡ ಎಂದೆ. ಅವಳ ಹೆಸರು ಓದುವ ದಿನ ಅವಳದೇ ಇರಬೇಕು.

“ಕ್ಯಾಜ್, ಅದು ತಪ್ಪು ಸ್ವರ ಕಣೋ.”

“ಗೋರಿಕಲ್ಲು ಅಲ್ಲಾಡಿದ್ರೆ ಕುಣಿದಾಡ್ತೀರಿ. ನೊಣಕ್ಕೆ ಹುಟ್ಟುಹಬ್ಬ ಮಾಡ್ತೀರಿ. ಹೋದ ವರ್ಷ ಕೇಕ್ ಮೇಲೇ ನೊಣ ಬರೆಸಿದ್ದೆ ನೀನು. ಅವಳದೊಂದು ಸ್ವರ ನಿಂಗೆ ಭಾರ ಆಯ್ತಾ?”

ಇಷ್ಟು ಮಾತು ನಾನು ಯಾರಿಗೂ ಆಡಿದವನಲ್ಲ.

ಅವನು ಉಸಿರು ಬಿಟ್ಟದ್ದು ಕೇಳಿಸಿತು. “ಆಯ್ತು. ಯಾರಾದ್ರೂ ನುಡಿಸೋರನ್ನ ಕರ್ಕೊಂಡು ಬಾ. ಹಿಂದಿನ ದಿನ, ಶುಕ್ರವಾರ, ನಂಗೆ ಕೇಳಿಸ್ಬೇಕು. ಅವಳದು ಅಂತ ಅನ್ನಿಸ್ಬೇಕು. ಏನೋ ಒಂದು ಒತ್ತಿ ಬರ್ನಡೀನ್‌ದು ಅಂದ್ರೆ ಒಪ್ಪಲ್ಲ. ಅದು ಅವಳಿಗೇ ಅವಮಾನ.”

ಸರಿಯಾಗಿಯೇ ಹೇಳಿದ. ಅದೇ ಕಷ್ಟ. “ನಿಂಗೆ ನೆನಪಿದೆಯಾ, ಹೇಳು” ಎಂದೆ.

“ಇತ್ತು. ಈ ರೆಕಾರ್ಡು ತಿಂಗಳಿಂದ ಕಾರಲ್ಲಿ ಹಾಕ್ಕೊಂಡಿದೀನಿ... ಈಗ ಇಲ್ಲ.”

ಅವನ ದನಿಯೂ ಸ್ವಲ್ಪ ಇಳಿದಿತ್ತು.

ಸೆಪ್ಟೆಂಬರ್ 28, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಮಾರ್ಲೀನ್ ಬಂದಿದ್ದಳು. ಪಿರೋಗಿ ಕಡುಬು ತಂದಿದ್ದಳು, ಆಲೂಗಡ್ಡೆ ತುಂಬಿದ್ದು. ಅಕ್ಕನ ಆರ್ಗನ್ ಮುಂದೆ ಕೂರಲು ಒಂದು ಗಂಟೆ ತೆಗೆದುಕೊಂಡಳು. ಮೊದಲು ಧೂಳು ಒರೆಸಿದಳು. ಆಮೇಲೆ ಕಾಫಿ. ಆಮೇಲೆ ಮತ್ತೆ ಧೂಳು.

“ಲೆಸನ್ನಿಗೆ ಕಳಿಸಿದ್ದು ನನ್ನನ್ನ. ಆರು ವರ್ಷ ಹೋಗಿದೀನಿ. ನುಡಿಸೋಕೆ ಕರೀತಿದ್ದಿದ್ದು ಅವಳನ್ನ. ಯಾಕೆ ಅಂತ ನಂಗಿವತ್ತಿಗೂ ಗೊತ್ತಿಲ್ಲ ಕ್ಯಾಜ್.”

ನುಡಿಸಿದಳು. ಎರಡನೇ ಸಾಲಲ್ಲಿ ಸರಿಯಾಗಿ ಇಳಿದಳು.

“ಅದಲ್ಲ” ಎಂದೆ.

“ಗೊತ್ತು. ಬೆರಳು ತಾನಾಗೇ ಸರಿಯಾದ ಕಡೆ ಹೋಗುತ್ತೆ. ತಡಿ. ಇದಾ?”

“ಅಲ್ಲ.”

“ಇದು?”

“...ಇರಬಹುದು.”

“ಇದು? ಅದಾ, ಇದಾ?”

ಕಣ್ಣಿನ ಡಾಕ್ಟರು ಗಾಜು ಬದಲಿಸಿ ಬದಲಿಸಿ ಕೇಳಿದ ಹಾಗೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಹೌದೆನಿಸಿತು. ಆಮೇಲೆ ಯಾವುದೂ ಅಲ್ಲ. ಅವಳು ಮುಚ್ಚಳ ಹಾಕಿದಳು.

“ಅವಳು ಕೂತ್ಕೊಂಡು ಕೇಳ್ತಿದ್ರೆ ನಗ್ತಿದ್ಳು, ನಮ್ಮಿಬ್ಬರ ಪಾಡು ನೋಡಿ.”

ಪಿರೋಗಿ ಹಾಗೇ ತಣ್ಣಗಾಯಿತು.

ಅಕ್ಟೋಬರ್ 9, ಗುರುವಾರ

ಕೂಟದ ಹಳಬರಿಗೆಲ್ಲ ಫೋನ್ ಮಾಡಿದೆ. ಎಲ್ಲರೂ ಗುನುಗಿದರು. ಎಲ್ಲರದೂ ಟಿವಿಯದೇ. ಎಲ್ಲರ ಮನೆಯಲ್ಲೂ ಡಿಸ್ಕು. ಒಬ್ಬಾಕೆ ಗುನುಗುತ್ತ ಅರ್ಧಕ್ಕೆ ನಿಂತು, “ಅಯ್ಯೋ, ಅವಳದು ಬೇರೆ ಇತ್ತಲ್ವಾ?” ಎಂದು ಅತ್ತಳು. ನಾನೇ ಸಮಾಧಾನ ಮಾಡಬೇಕಾಯಿತು.

ಡಿಸ್ಕು ಕೇಳದವರು ಬೇಕು. ಅಂಥವರು ಯಾರಿದ್ದಾರೆ?

ಅಕ್ಟೋಬರ್ 12, ಭಾನುವಾರ

ಗ್ವೆನ್ ಪ್ರೊಸರ್!

ಮಾರ್ಲೀನ್‌ಗೇ ಹೊಳೆದದ್ದು. ಗ್ವೆನ್ ಕೂಟ ಕಟ್ಟಿದವರಲ್ಲಿ ಒಬ್ಬಾಕೆ. ಆಗ ಇಸ್ತ್ರಿ ಮಾಡುತ್ತ ನೋಡಿದ ತಾಯಂದಿರಲ್ಲೊಬ್ಬಳು. ವೇಲ್ಸ್ ಮೂಲದವರ ಚರ್ಚಿನಲ್ಲಿ ಹಾಡುತ್ತಿದ್ದಳು. ಡಿಸ್ಕು ಬರುವ ಮುಂಚೆಯೇ ಕಿವಿ ಪೂರ್ತಿ ಹೋಯಿತು. ಈಗ ವಿಲ್ಕ್ಸ್-ಬ್ಯಾರಿ ಊರಿನ ವೃದ್ಧರ ಮನೆಯಲ್ಲಿದ್ದಾಳೆ. ಕಿವಿ ಹೋದ ಮೇಲೆ ಯಾವ ಸಂಗೀತವೂ ಅವಳೊಳಗೆ ಹೊಕ್ಕಿಲ್ಲ.

ಮಂಗಳವಾರ ಹೋಗುತ್ತೇವೆ.

ಅಕ್ಟೋಬರ್ 14, ಮಂಗಳವಾರ. ಮಧ್ಯಾಹ್ನ ಮೂರು

ಹೋಗಿ ಬಂದೆವು.

ಗ್ವೆನ್ ಕಿಟಕಿಯ ಬಳಿ ಕೂತಿದ್ದಳು. ನನ್ನನ್ನು ನೋಡಿ ಇಡೀ ಮಹಡಿಗೆ ಕೇಳುವಂತೆ, “ಬಂದ್ನಪ್ಪ ಡ್ರೈವರು! ಕಾರು ಎಲ್ಲಿ ನಿಲ್ಸಿದೀಯೋ? ಇವತ್ತು ಒಳಗೆ ಬರೋಕೆ ಧೈರ್ಯ ಬಂತಾ?” ಎಂದಳು. ನರ್ಸ್ ನಕ್ಕಳು.

ಅವಳ ಹತ್ತಿರ ಒಂದು ಬಿಳಿ ಹಲಗೆ. ಅದರ ಮೇಲೆ ಬರೆದರೆ ಓದುತ್ತಾಳೆ. ಬರ್ನಡೀನ್ ತೀರಿಕೊಂಡಳು ಎಂದು ಬರೆದೆ. ಓದಿದಳು. ಅಂಗೈಯಿಂದ ತಾನೇ ಒರೆಸಿದಳು. ನನ್ನ ಕೈ ಹಿಡಿದಳು. “ನಂಗ್ಯಾರೂ ಹೇಳ್ಲಿಲ್ಲ ಕಣಪ್ಪ. ಕಿವಿ ಇಲ್ದೋರಿಗೆ ಯಾರೂ ಏನೂ ಹೇಳಲ್ಲ.”

ಆಮೇಲೆ ಬರೆದೆ: ಅವಳ ವಾಲ್ಟ್ಜ್ ನೆನಪಿದೆಯಾ? ಹಾಡ್ತೀರಾ?

“ನನ್ನ ದನಿ ನಂಗೇ ಕೇಳಲ್ಲ. ಕತ್ತೆ ಅರಚಿದ ಹಾಗಿರುತ್ತೋ ಏನೋ. ನಗಬಾರ್ದು.”

ಕಣ್ಣು ಮುಚ್ಚಿದಳು. ಮೇಜಿನ ಮೇಲೆ ಬೆರಳಿನಿಂದ ತಾಳ. ಒಂದು ಎರಡು ಮೂರು, ಒಂದು ಎರಡು ಮೂರು. ದನಿ ಬಿರುಕು ಬಿಟ್ಟಿತ್ತು. ಆದರೆ ಹಾಡುವವಳ ದನಿಯೇ. ಮೊದಲ ಸಾಲು. ಎರಡನೆಯದು. ಇಳಿಯಬೇಕಾದಲ್ಲಿ ಇಳಿಯಲಿಲ್ಲ. ಅಲ್ಲೇ ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿದು —

“ತಪ್ಪು!” ಎಂದಳು ಮಾರ್ಲೀನ್.

ಜೋರಾಗಿ. ಒಂಬತ್ತು ವರ್ಷದ ಹುಡುಗಿಯ ಸಿಟ್ಟಿನ ದನಿ ಅದು. ಹೇಳಿದ ಮೇಲೇ ಅವಳಿಗೆ ಗೊತ್ತಾದದ್ದು. ಬಾಯಿಗೆ ಕೈ ಅಡ್ಡ ಹಿಡಿದಳು.

“ಅಡುಗೆಮನೆಯಿಂದ ಹೀಗೇ ಕೂಗ್ತಿದ್ದೆ ಕ್ಯಾಜ್. ನಾನು ಅಭ್ಯಾಸ ಮಾಡ್ತಿದ್ದ ಪಿಯಾನೊ ಮೇಲೆ ಅವಳು ಆ ಸ್ವರಕ್ಕೆ ಬಂದಾಗೆಲ್ಲ. ಅಮ್ಮ ಬೈಯೋರು. ಇದೇ. ಇದೇ ಅದು...”

ಗ್ವೆನ್‌ಗೆ ಏನೂ ಕೇಳಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೊನೆಯವರೆಗೆ ಹಾಡಿದಳು. ಮಾರ್ಲೀನ್ ಅಳುತ್ತಲೇ ಊಟದ ಪಟ್ಟಿಯೊಂದರ ಹಿಂದೆ ಸ್ವರ ಬರೆದುಕೊಂಡಳು. ಇನ್ನೊಮ್ಮೆ ಹಾಡಿಸಿದಳು. ಮತ್ತೆ ಅದೇ ಜಾಗ, ಅದೇ ಸ್ವರ.

ಅವಳು ನನ್ನ ತೋಳು ಅಲ್ಲಾಡಿಸಿ, “ಅದೇ ಅಲ್ವಾ? ಹೇಳು, ಅದೇ ಅಲ್ವಾ?” ಎಂದಳು.

ಹೌದು ಎಂದೆ.

ನನಗೆ ಗುರುತು ಸಿಗಲಿಲ್ಲ.

ಅಕ್ಟೋಬರ್ 15

ಮಾರ್ಲೀನ್ ಬಂದು ಅಭ್ಯಾಸ ಮಾಡಿದಳು. ನಾನು ಪೇಪರು ಹಿಡಿದು ಕೂತೆ. ಮೊದಲಿನ ಹಾಗೇ ಕೂತರೆ ಬರಬಹುದೇನೋ ಎಂದು. ಕಿಟಕಿ ತೆಗೆದೆ. ಹಾಕಿದೆ. ಒಳ್ಳೆಯ ರಾಗ. ಯಾರೋ ಎಲ್ಲೋ ನುಡಿಸುತ್ತಿರುವ ಒಳ್ಳೆಯ ರಾಗ.

ಅಕ್ಟೋಬರ್ 17, ಶುಕ್ರವಾರ. ಸಂಜೆ ಆರು. ಹೋಟೆಲು

ಮಧ್ಯಾಹ್ನ ಬಂದೆವು. ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಕಪ್ಪು ಗೌನಿನ ವೇಷ ಹಾಕಿದ ಮೂವರು ಆಟಿಲಿಯರು ಲಿಫ್ಟಿನ ಹತ್ತಿರ ಫ್ರೆಂಚ್ ಫ್ರೈಸ್ ತಿನ್ನುತ್ತಿದ್ದರು. ಎಲ್ಲರೂ ನನ್ನ ಕೈ ಹಿಡಿದು ಮಾತಾಡಿಸಿದರು. ಇಷ್ಟು ಜನ ಅವಳನ್ನು ಬಲ್ಲವರು ಇದ್ದರೆಂದು ಕಾರಿನಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು?

ಮೆರಿಲ್ ಕೈಕಟ್ಟಿ ಪಿಯಾನೊ ಪಕ್ಕ ನಿಂತ. ಮಾರ್ಲೀನ್ ಶುರು ಮಾಡಿದಳು. ಅವಳ ಕುತ್ತಿಗೆ ಕೆಂಪಾಗಿತ್ತು. ಎರಡನೇ ಸಾಲು ಬಂತು. ಆ ಜಾಗ ಬಂತು.

ಮೆರಿಲ್ ಕೈಕಟ್ಟು ಬಿಚ್ಚಿದ. ಕನ್ನಡಕ ತೆಗೆದ. ಕುರ್ಚಿ ಜೋಡಿಸುತ್ತಿದ್ದವರೂ ನಿಂತುಬಿಟ್ಟರು. ಆಟಿಲಿಯರಲ್ಲೊಬ್ಬಳು ಬಾಗಿಲಿಗೆ ಬಂದು ನಿಂತಳು.

“ಅಲ್ಲೇ” ಎಂದ ಮೆರಿಲ್. “ಅಯ್ಯೋ ದೇವರೇ. ಅಲ್ಲೇ. ನಂಗೆ ಅವಳ ಬೆನ್ನು ಕಾಣ್ತಿದೆ ಕಣೋ. ನಿಂಗೂ ಕಾಣುತ್ತಲ್ಲ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೌದೆಂದು ತಲೆ ಆಡಿಸಿದೆ.

ರೆಕಾರ್ಡು ಹಾಕುವುದಿಲ್ಲವಂತೆ. ಹೆಸರು ಓದುವುದನ್ನು ನನಗೇ ಬಿಟ್ಟಿದ್ದಾನೆ. ಗೊತ್ತಿಲ್ಲದ ಹೆಸರುಗಳಿವೆ, ಉಚ್ಚಾರ ಕೇಳಿಕೊಳ್ಳಬೇಕು. ಮಾರ್ಲೀನ್ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಅವಳಿಗೆ ನಿಜ ಹೇಳಿಬಿಡೋಣವೆಂದು ಬಾಗಿಲವರೆಗೆ ಹೋಗಿ ಬಂದೆ. ಅವರೆಲ್ಲರಿಗೂ ಬರ್ನಡೀನ್ ಸಿಕ್ಕಿದ್ದಾಳೆ. ನನಗೊಬ್ಬನಿಗೆ —

ನಾಳೆ ಹನ್ನೊಂದಕ್ಕೆ ಶುರು. ನನಗೆ ಮೊದಲ ಸಾಲಿನಲ್ಲಿ ಜಾಗ ಇಟ್ಟಿದ್ದಾರೆ.