ತಾಮಾತಿಯಜ್ಜನ ತೊರೆ

ರುವಾಪೆಹು ತಪ್ಪಲು, ನ್ಯೂಜಿಲೆಂಡ್

ಅಕ್ಕಾ,

ಈ ಕಣಿವೆಯಲ್ಲಿ ಹಕ್ಕಿಗಳನ್ನು ಕೊಲ್ಲುವ ಪ್ರಾಣಿಗಳಿಗೆಂದು ನಾನು ಹಂಚುವ ಬೋನು ಬೇಡವೆಂದು ಹಟ ಹಿಡಿದವನು ಪಕ್ಕದ ಮನೆಯ ತಾಮಾತಿಯಜ್ಜ ಒಬ್ಬನೇ. “ನನ್ನ ತೊರೆ ಕಾಯೋಕೆ ನಾನಿದ್ದೀನಿ, ಹೋಗಮ್ಮ” ಎಂದು ನಗುತ್ತಿದ್ದ. ಹಿಂದೆ ಮೊಲ ಹಿಡಿಯಲೆಂದು ಹಡಗಿನಲ್ಲಿ ತಂದುಬಿಟ್ಟ, ಮುಂಗುಸಿಯಂಥ ಆ ಗೇಣುದ್ದದ ಪೀಡೆ, ಸ್ಟೋಟ್, ಕಳೆದ ವಾರ ಅವನ ಕಣ್ಣೆದುರೇ ತೊರೆಯ ನೀಲಿಬಾತಿನ ಐದು ಮರಿಗಳಲ್ಲಿ ನಾಲ್ಕನ್ನು ಕೊಂದಿತು. ಸಂಜೆ ನನ್ನ ಬಾಗಿಲಲ್ಲಿ ನಿಂತು, “ಹುಯಿಯಾ, ಬೋನು ಉಳಿದಿದೆಯೇನಮ್ಮ? ಎರಡು ಕೊಡು” ಎಂದ. ಕಣ್ಣು ಕೆಂಪಾಗಿತ್ತು.

ಆಮಿಷಕ್ಕೆ ಕೋಳಿಮೊಟ್ಟೆ ಇಟ್ಟು ತೊರೆಯ ದಡದಲ್ಲಿ ಬೋನು ಹೂಡಿದೆವು. ಮೂರನೆಯ ಬೆಳಿಗ್ಗೆ ಸ್ಟೋಟ್ ಸಿಕ್ಕಿಬಿದ್ದು ಸತ್ತಿತ್ತು. “ಇದರ ನೆಂಟರು ಇನ್ನೂ ಇರ್ತಾರೆ” ಎಂದು ಅಜ್ಜ ತಾನೇ ಬೋನಿನೊಳಗೆ ಹೊಸ ಮೊಟ್ಟೆ ಇರಿಸಿದ.

ನನ್ನ ಮಂಡಿನೋವು ಇಳಿದಿದೆ. ಉಣ್ಣೆಯ ಕಾಲುಚೀಲ ಮಾತ್ರ ಕಳಿಸು.

ಇವತ್ತು ಉಳಿದ ಮರಿ ತಾಯಿಯ ಹಿಂದೆಯೇ ಸೆಳವಿಗೆ ಧುಮುಕಿ, ಸ್ವಲ್ಪ ಕೆಳಗಡೆ ಮತ್ತೆ ತಲೆಯೆತ್ತಿ ತೇಲಿತು. ಅಜ್ಜ ಚಪ್ಪಾಳೆ ತಟ್ಟಿ ಕುಣಿದ ಭರಕ್ಕೆ ಟೋಪಿ ನೀರುಪಾಲಾಯಿತು, ಅವನಿಗೆ ಗೊತ್ತೇ ಆಗಲಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಹುಯಿಯಾ