ಆಯುಧಪೂಜೆಗೆ ಇಟ್ಟ ಮಾತು

ಟಿ. ದಾಸರಹಳ್ಳಿ,
೧೧ ಅಕ್ಟೋಬರ್ ೨೦೨೫, ಶನಿವಾರ

ಮುದ್ದು ಮಗ ಶ್ರೀಕಾಂತನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಆ ಬೆಟ್ಟದ ಮೇಲೆ ಆಗಲೇ ಚಳಿ ಶುರುವಾಗಿರಬೇಕು. ನೀವು ಕೊರೆಯುವ ಸುರಂಗದೊಳಗೆ ನೀರು ಸೋರುತ್ತದೆ ಎಂದಿದ್ದೆಯಲ್ಲ, ಒದ್ದೆ ಸಾಕ್ಸಿನಲ್ಲೇ ದಿನವಿಡೀ ಓಡಾಡಬೇಡ. ಉಬ್ಬಸ ತಿರುಗಿ ಬಂದಿಲ್ಲ ತಾನೆ? ನಿನ್ನ ಜೊತೆ ಕೆಲಸ ಮಾಡುವ ಲೋಕೇಶ ರಜೆ ಮುಗಿಸಿ ಇವತ್ತೇ ಹೊರಡುತ್ತಾನಂತೆ. ಅವನ ಕೈಯಲ್ಲಿ ಚಟ್ನಿಪುಡಿ, ಕೋಡುಬಳೆ, ಜೊತೆಗೆ ಈ ಪತ್ರ ಕಳಿಸುತ್ತಿದ್ದೇನೆ. ನೀನು ಹದಿನೈದು ದಿನಕ್ಕೊಮ್ಮೆ ಪೇಟೆಗೆ ಇಳಿದು ಫೋನ್ ಮಾಡುವಾಗ ನಿನ್ನ ಮಗಳು ಪಕ್ಕದಲ್ಲೇ ಇರುತ್ತಾಳೆ. ಮಗುವಿನ ಎದುರಿಗೇ ಮಗುವಿನ ವಿಷಯ ಆಡಬಾರದು, ಬಾಯಲ್ಲಿ ಮಾತು ಬರದಿದ್ದರೂ ಕಿವಿ ಬಲು ಚುರುಕು ಎಂದು ಅವಳ ಸ್ಕೂಲಿನ ವೇಣಿ ಮೇಡಂ ಹೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ ಎನ್ನೋಣವೆಂದರೆ ನನಗೇ ಗಾಬರಿಯಾಗಿದೆ.

ಸುಕೃತಿ ಮಾತು ಬಿಟ್ಟಿದ್ದಾಳೆ ಕಣೋ. ಸ್ಕೂಲಿನವರು ಕೊಟ್ಟ ಆ ಟ್ಯಾಬನ್ನು ಆಯುಧಪೂಜೆಯ ದಿನದಿಂದ ಮುಟ್ಟಿಯೇ ಇಲ್ಲ. ನೀನು ಜೂನಿನಲ್ಲಿ ಹೋದ ಮೇಲೆ ಅವಳು ಎಷ್ಟು ಕಲಿತಿದ್ದಳೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಹತ್ತು ವರ್ಷ ಅಳುವುದು, ನಗುವುದು, ಎರಡೇ ಅವಳ ಭಾಷೆಯಾಗಿತ್ತು. ಈಗ ಗಾಲಿಕುರ್ಚಿಗೆ ಸಿಕ್ಕಿಸಿದ ಟ್ಯಾಬಿನ ಮೇಲೆ ಆ ಸೆಟೆದ ಕೈಯನ್ನು ಎಳೆದುಕೊಂಡು ಹೋಗಿ, ಬೇಕಾದ ಚಿತ್ರವನ್ನು ಗೆಣ್ಣಿನಿಂದ ಒತ್ತುತ್ತಿದ್ದಳು. ಒತ್ತಿದೊಡನೆ ಅದು ಆ ಮಾತನ್ನು ಹೇಳುತ್ತದೆ. ಒಂದು ದಿನ ‘ಅಜ್ಜಿ’, ‘ಉಪ್ಪಿಟ್ಟು’, ‘ಬೇಡ’ ಎಂದುಬಿಟ್ಟಳು! ಇಷ್ಟು ವರ್ಷ ಉಪ್ಪಿಟ್ಟೆಂದರೆ ಅವಳಿಗೆ ಪ್ರಾಣ ಎಂದುಕೊಂಡು ತುರುಕಿದ್ದೆನಲ್ಲ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೇಣಿ ಅವಳಿಗಿಂತ ಹೆಚ್ಚಾಗಿ ನಮಗೇ ಪಾಠ ಮಾಡುತ್ತಾರೆ. ನಾವು ಮಾತಾಡುವಾಗಲೂ ಚಿತ್ರ ಒತ್ತಿಕೊಂಡೇ ಮಾತಾಡಬೇಕಂತೆ, ಮಕ್ಕಳು ಕೇಳಿ ಕೇಳಿ ಮಾತು ಕಲಿಯುವ ಹಾಗೆ ಅವಳು ನೋಡಿ ನೋಡಿ ಕಲಿಯುತ್ತಾಳಂತೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕಂತೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ, ನನಗೆ ಅದೇ ಕಷ್ಟ.

ಇನ್ನು ನಿಮ್ಮಪ್ಪನ ವಿಷಯ. ರಿಟೈರಾಗಿ ಇಷ್ಟು ವರ್ಷವಾದರೂ ಅವರ ಮೈಯಲ್ಲಿ ಇನ್ನೂ ಕಾರ್ಖಾನೆಯ ಶೆಡ್ಡೇ ಇದೆ. ಪೂಜೆಯ ದಿನ ಬೆಳಿಗ್ಗೆ ಮೈಕ್ರೋಮೀಟರು, ಸ್ಪ್ಯಾನರುಗಳನ್ನೆಲ್ಲ ಒರೆಸಿ ಮಣೆಯ ಮೇಲೆ ಜೋಡಿಸಿದವರು, ಕುರ್ಚಿಯಿಂದ ಟ್ಯಾಬನ್ನೂ ಬಿಚ್ಚಿ ತಂದು ಕುಂಕುಮ ಹಚ್ಚಿ ಇಟ್ಟರು. “ನನ್ನ ಸ್ಪ್ಯಾನರ್‌ಗೆ ಪೂಜೆ ಅಂದ್ಮೇಲೆ ನನ್ನ ಮೊಮ್ಮಗಳ ಆಯುಧಕ್ಕೆ ಬೇಡ್ವಾ?” ಎಂದರು. ನಮಗೆಲ್ಲ ಹೆಮ್ಮೆಯೇ ಆಯಿತು, ನಿನ್ನ ಹೆಂಡತಿ ಸಮನ್ವಿತಾ ಫೋಟೋ ಕೂಡ ತೆಗೆದಳು. ಆದರೆ ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ವಿಜಯದಶಮಿಯವರೆಗೆ ಮುಟ್ಟಬಾರದಲ್ಲ! ಮಗು ಮಣೆಯನ್ನೇ ನೋಡುತ್ತ ಊಂ ಊಂ ಎಂದು ಕೊಸರಿದಾಗ ನಿಮ್ಮಪ್ಪ, “ಇವತ್ತೊಂದಿನ ಮುಟ್ಟಂಗಿಲ್ಲ ಪುಟ್ಟಿ, ನಾಳೆ ತಗೊಳ್ಳೋಣ” ಎಂದು ಅವಳ ಬಾಯಿಗೆ ಒಂದಿಷ್ಟು ಪುರಿ ಹಾಕಿದರು.

ನಿನ್ನ ಫೋನ್ ಬಂದದ್ದು ಅದಾದ ಮೇಲೆ. ಸಮನ್ವಿತಾ ತನ್ನ ಕಂಪನಿಯ ಪೂಜೆಗೆ ಹೋಗಿದ್ದಳು. ನಾನು ವಡೆ ಕರಿಯುತ್ತಿದ್ದೆ. ನಿಮ್ಮಪ್ಪ ಸ್ಪೀಕರ್ ಹಾಕಿ ಫೋನನ್ನು ಮಗುವಿನ ಮುಂದಿಟ್ಟು, ರಾಹುಕಾಲ ಬಂದುಬಿಡುತ್ತದೆಂದು ಸ್ಕೂಟರಿಗೆ ಕುಂಬಳಕಾಯಿ ಒಡೆಯಲು ಬೀದಿಗೆ ಓಡಿದರು. ನೀನು ಹಲೋ ಹಲೋ ಎಂದದ್ದು, “ಥತ್, ಹಾಳಾದ್ದು!” ಎಂದು ನೆಟ್‌ವರ್ಕಿಗೆ ಬೈದು ಇಟ್ಟದ್ದು ನನಗೆ ಒಳಗೇ ಕೇಳಿಸಿತು. ಎಣ್ಣೆ ಕಾದಿತ್ತು, ಬರಲಾಗಲಿಲ್ಲ. ಮಾರನೆಯ ದಿನ ಟ್ಯಾಬನ್ನು ಕುರ್ಚಿಗೆ ಮತ್ತೆ ಸಿಕ್ಕಿಸಿದರೆ ಮುಖ ತಿರುಗಿಸಿಕೊಂಡಳು. ಅವತ್ತಿನಿಂದ ಹೀಗೇ. ಊಟವನ್ನೂ ಅರ್ಧಕ್ಕೇ ಬಿಡುತ್ತಾಳೆ.

ದಸರಾ ರಜೆಯಾದರೂ ವೇಣಿ ಮನೆಗೇ ಬಂದಿದ್ದರು. ನಡೆದದ್ದನ್ನು ಕೇಳಿ, “ಅದು ಆಯುಧ ಅಲ್ಲ ಸಾರ್, ಅವಳ ನಾಲಿಗೆ. ಒಂದಿನ ನಿಮ್ಮ ನಾಲಿಗೇನ ಮಣೆ ಮೇಲೆ ಇಟ್ಟಿದ್ರೆ ಸುಮ್ನಿರ್ತಿದ್ರಾ?” ಎಂದು ಕೇಳಿಯೇಬಿಟ್ಟರು. ಬಲವಂತ ಮಾಡಬೇಡಿ, ಏನೂ ಕೇಳಬೇಡಿ, ನೀವೇ ಅದರಲ್ಲಿ ಮಾತಾಡುತ್ತಿರಿ ಎಂದು ಹೇಳಿಹೋದರು. ಈಗ ನಿಮ್ಮಪ್ಪ ದಿನವೂ ಅವಳೆದುರು ಕುಳಿತು ಆ ದಪ್ಪ ಬೆರಳಿನಿಂದ ‘ತಾತ’, ‘ತಪ್ಪು’ ಎಂದು ಒತ್ತುತ್ತಾರೆ. ಅವಳು ಗೋಡೆ ನೋಡುತ್ತಾಳೆ. ಎಷ್ಟು ದಿನ ಹೀಗೆ ಎಂದು ವೇಣಿಯನ್ನು ಕೇಳಿದರೆ ಅವರೂ ಹೇಳಲಾರರು. ಕೈಗೆ ಬಂದ ಮಾತು ನಮ್ಮ ಕೈಯಿಂದಲೇ ಹೋಯಿತೇನೋ ಎಂದು ನನಗೆ ದಿಗಿಲು. ನಿಮ್ಮಪ್ಪನನ್ನು ಬೈಯಬೇಡ, ಆಗಲೇ ಅರ್ಧ ಇಳಿದುಹೋಗಿದ್ದಾರೆ.

ಮೈ ಹುಷಾರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಪ್ಪ ಆಶೀರ್ವಾದ ಬರೆ ಎಂದಿದ್ದಾರೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ವಾಸಂತಿ

ವಿ.ಸೂ.: ಲೋಕೇಶ ಬಂದುಬಿಟ್ಟ, ಆಟೋ ಕಾಯುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಅವನು ಬಾಗಿಲಲ್ಲೇ ನಿಂತು, “ಆಂಟಿ, ಶ್ರೀಕಾಂತ್‌ಗೆ ಇನ್ನೇನಾದ್ರೂ ಹೇಳ್ಬೇಕಾ?” ಎಂದ. ನಿನ್ನ ಹೆಸರು ಕೇಳಿದ್ದೇ ತಡ, ಮಗು ಟ್ಯಾಬಿನ ಮೇಲೆ ಕೈ ಎಳೆಯಲು ಶುರು ಮಾಡಿತು. ನಾನು ಸೆರಗು ಬಾಯಿಗಿಟ್ಟುಕೊಂಡು ಕಾದೆ. ‘ಅಪ್ಪ’ ಎಂದಳು. ಎಷ್ಟೋ ಹೊತ್ತಿನ ಮೇಲೆ ‘ಕೋಪ’ ಎಂದಳು. ಯಾರ ಮೇಲೆ ಪುಟ್ಟಿ ಎಂದೆ. ‘ನಾನು’ ಎಂದಳು. ತಾತನ ಮೇಲೆ ಮುನಿಸಲ್ಲ ಕಣೋ, ಅವತ್ತು ನೀನು ಬೈದು ಫೋನ್ ಇಟ್ಟದ್ದು ತನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದಾಳೆ. ಹಾಗಲ್ಲ ಎಂದು ನಾನು ಹೇಳಿದರೆ ಸಾಲದು, ನೀನೇ ಹೇಳಬೇಕು. ಮುಂದಿನ ಸಲ ಫೋನ್ ಮಾಡಿದಾಗ ಆ ಕಡೆ ಎಷ್ಟು ಹೊತ್ತು ಸದ್ದಿಲ್ಲದಿದ್ದರೂ ಇಡಬೇಡ. ಲೈನ್ ಕಟ್ ಆಗಿರುವುದಿಲ್ಲ, ನಿನ್ನ ಮಗಳು ಮಾತಾಡುತ್ತಿರುತ್ತಾಳೆ.